ನರ್ಸಮ್ಮನ ಸಂಬಳವೂ ಕೂಲಿಯೇ



ಈ ಸಲ ನಿಮ್ಮ ಕೂಲಿಯ ವಿಷಯ ಬರೆಯುವುದಿಲ್ಲ, ನಿಮ್ಮ ಹೆಣ್ಣುಮಕ್ಕಳ ಕೂಲಿಯ ವಿಷಯ ಬರೆಯುತ್ತೇನೆ. ಮಳೆ ಕೈಕೊಟ್ಟ ವರ್ಷ ಡಿ. ಹಿರೇಹಾಳ್ ಸೀಮೆಯಿಂದ ಕಾಫಿ ಕೊಯ್ಲಿಗೆಂದು ಘಟ್ಟ ಹತ್ತಿ, ಅಲ್ಲಿಯೇ ಲೈನ್ ಮನೆಯಲ್ಲಿ ನೆಲೆ ನಿಂತವರು ನಿಮ್ಮಲ್ಲಿದ್ದೀರಿ. ಮಕ್ಕಳನ್ನು ಅಜ್ಜಿಯ ಹತ್ತಿರ ಊರಿನಲ್ಲಿ ಬಿಟ್ಟು, ಅವರಾದರೂ ಓದಲಿ, ನಮ್ಮ ಹಾಗೆ ಸೊಂಟಕ್ಕೆ ಚೀಲ ಕಟ್ಟಿಕೊಳ್ಳುವುದು ಬೇಡ ಎಂದು ತಿಂಗಳು ತಿಂಗಳು ದುಡ್ಡು ಕಳಿಸಿದಿರಿ. ಮಗಳು ಹತ್ತನೆಯ ತರಗತಿ ಮುಗಿಸಿದಳು, ಇಂಟರ್ ಮುಗಿಸಿದಳು, ಸಾಲ ಮಾಡಿ ನರ್ಸಿಂಗ್ ಓದಿಸಿದಿರಿ. ಈಗ ಅವಳು ಬಳ್ಳಾರಿಯಲ್ಲೋ ರಾಯದುರ್ಗದಲ್ಲೋ ಒಬ್ಬ ಡಾಕ್ಟರ ದವಾಖಾನೆಯಲ್ಲಿ ಕೆಲಸಕ್ಕಿದ್ದಾಳೆ. ನಮ್ಮ ಹುಡುಗಿ ಸಿಸ್ಟರ್ ಆಗಿದ್ದಾಳೆ ಎಂದು ಮೇಸ್ತ್ರಿಯ ಮುಂದೆ ತಲೆಯೆತ್ತಿ ಹೇಳುತ್ತೀರಿ. ಹೇಳಬೇಕಾದದ್ದೇ. ಆದರೆ ಅವಳ ಸಂಬಳ ಎಷ್ಟೆಂದು ಎಂದಾದರೂ ಕೇಳಿದ್ದೀರಾ?

ಕೇಳಿ ನೋಡಿರಿ. ಮೊದಲು ಮಾತು ಮರೆಸುತ್ತಾಳೆ. ಒತ್ತಾಯ ಮಾಡಿದರೆ ಒಂದು ಅಂಕಿ ಹೇಳುತ್ತಾಳೆ. ಆಗ ನಿಮ್ಮ ದಿನಗೂಲಿಯನ್ನು ಇಪ್ಪತ್ತಾರರಿಂದ ಗುಣಿಸಿ, ಆ ಮೊತ್ತದ ಪಕ್ಕದಲ್ಲಿ ಅವಳ ಸಂಬಳವನ್ನು ಇಟ್ಟು ನೋಡಿರಿ. ಫೀಸು ಕಟ್ಟಿ, ಹಾಸ್ಟೆಲಿನ ನೀರುಸಾರು ಉಂಡು, ಪರೀಕ್ಷೆ ಪಾಸಾಗಿ, ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ಬರೆಸಿಕೊಂಡ ಮಗಳು, ಅಕ್ಷರ ಬಾರದ ತಾಯಿ ಹಣ್ಣು ಬಿಡಿಸಿ ಗಳಿಸುವುದಕ್ಕಿಂತ ಕಡಿಮೆ ಗಳಿಸುವ ಮನೆಗಳು ನಮ್ಮಲ್ಲಿವೆ. ತಾಯಿಯ ಕೂಲಿ ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಅದೂ ಸಾಲದು. ಆದರೆ ನಮ್ಮ ಸೀಮೆಯ ಚಿಕ್ಕ ದವಾಖಾನೆಗಳಲ್ಲಿ ತಿಂಗಳಿಗೆ ಹತ್ತು ಸಾವಿರ ಮುಟ್ಟದ ಸಂಬಳದ ಮಾತನ್ನು ಮನೆಮನೆಯಲ್ಲಿ ಕೇಳಿ ಕೇಳಿ ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ಆಸ್ಪತ್ರೆಯ ಮಾತು ಬೇರೆ. ಅಲ್ಲಿ ನೂರು ಜನ ನರ್ಸುಗಳಿರುತ್ತಾರೆ, ಕೂಗಿದರೆ ಕೇಳಿಸುತ್ತದೆ. ನಾನು ಹೇಳುತ್ತಿರುವುದು ಜ್ವರ ಬಂದರೆ, ಮಗುವಿಗೆ ಭೇದಿಯಾದರೆ ನಾವೆಲ್ಲ ಮೊದಲು ಓಡುವ ಆ ಮನೆವೈದ್ಯರ ದವಾಖಾನೆಯ ವಿಷಯ. ಒಂದು ಕೋಣೆ, ಒಂದು ಪರದೆ, ಹೊರಗೆ ಬೆಂಚು, ಪಕ್ಕದಲ್ಲಿ ಔಷಧಿ ಅಂಗಡಿ. ಒಬ್ಬ ಡಾಕ್ಟರು, ಒಬ್ಬಳೋ ಇಬ್ಬರೋ ನರ್ಸುಗಳು. ಬೆಳಿಗ್ಗೆ ಡಾಕ್ಟರು ಬರುವ ಮುಂಚೆ ಬೀಗ ತೆಗೆಯುವವಳು ಅವಳು. ಕಸ ಗುಡಿಸುವವಳು, ಚೀಟಿ ಬರೆದು ಸಾಲು ಹಿಡಿಸುವವಳು, ಬಿ.ಪಿ. ನೋಡುವವಳು, ಸೂಜಿ ಹಾಕುವವಳು, ಗ್ಲೂಕೋಸ್ ಏರಿಸಿ ಹನಿ ಎಣಿಸುವವಳು, ಗಾಯ ತೊಳೆದು ಪಟ್ಟಿ ಕಟ್ಟುವವಳು, ವಾಂತಿ ಬಳಿಯುವವಳು, ಕುಡಿದು ಬಂದವನ ಬೈಗುಳ ಕೇಳುವವಳು, ಫೀಸು ತೆಗೆದುಕೊಂಡು ರಾತ್ರಿ ಲೆಕ್ಕ ಒಪ್ಪಿಸುವವಳು, ಐವತ್ತು ರೂಪಾಯಿ ಕಡಿಮೆ ಬಿದ್ದರೆ ಕೈಯಿಂದ ಕಟ್ಟುವವಳು ಎಲ್ಲ ಅವಳೇ.

ಆ ದವಾಖಾನೆಯ ಹೊತ್ತನ್ನು ಗಮನಿಸಿದ್ದೀರಾ? ಬೆಳಿಗ್ಗೆ ಒಂಬತ್ತೂವರೆಯಿಂದ ಎರಡರ ತನಕ, ಮತ್ತೆ ಸಾಯಂಕಾಲ ಐದರಿಂದ ಒಂಬತ್ತೂವರೆಯ ತನಕ. ಬೋರ್ಡಿನಲ್ಲಿ ಹಾಗೆ ಬರೆದಿರುತ್ತದೆ. ಡಾಕ್ಟರು ಮಧ್ಯಾಹ್ನ ಮನೆಗೆ ಹೋಗಿ ಉಂಡು ಮಲಗಿ ಬರುತ್ತಾರೆ. ಅವರ ಮನೆ ಹಿಂದಿನ ಬೀದಿಯಲ್ಲಿದೆ. ಹಿರೇಹಾಳಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಬರುವ ಹುಡುಗಿ ಆ ಮೂರು ತಾಸಿನಲ್ಲಿ ಎಲ್ಲಿಗೆ ಹೋಗಬೇಕು? ಹೋಗಿ ಬರುವ ಬಸ್ಸಿನ ಚಾರ್ಜು ಯಾರು ಕೊಡುತ್ತಾರೆ? ಅವಳು ಶಟರ್ ಅರ್ಧ ಇಳಿಸಿ, ರೋಗಿಗಳ ಬೆಂಚಿನ ಮೇಲೆ ಡಬ್ಬಿಯ ಅನ್ನ ಉಂಡು ಅಲ್ಲೇ ಕೂಡುತ್ತಾಳೆ. ಆಗ ಯಾರಾದರೂ ಬಾಗಿಲು ಬಡಿದರೆ ಅವಳೇ ಏಳುತ್ತಾಳೆ, ಡಾಕ್ಟರಿಗೆ ಫೋನು ಮಾಡುತ್ತಾಳೆ, ಹೇಳಿದ ಮಾತ್ರೆ ಕೊಡುತ್ತಾಳೆ. ಮನೆ ಬಿಟ್ಟ ಹೊತ್ತಿನಿಂದ ಕೊನೆಯ ಬಸ್ಸಿಳಿಯುವ ಹೊತ್ತಿಗೆ ಹದಿಮೂರು, ಹದಿನಾಲ್ಕು ತಾಸು. ಮಾಲೀಕರ ಲೆಕ್ಕದಲ್ಲಿ ಮಾತ್ರ ಒಂಬತ್ತು ತಾಸಿನ ಡ್ಯೂಟಿ, ಅದೂ ಅರ್ಧ ದಿನದಂಥ ಎರಡು ಸುಲಭದ ಪಾಳಿ! ತೋಟದಲ್ಲಿ ಸೈರನ್ ಊದಿದ ಮೇಲೆ ನಿಮ್ಮನ್ನು ಗಿಡದ ಬುಡದಲ್ಲಿ ನಿಲ್ಲಿಸಿದರೆ ನೀವು ಬಿಡುತ್ತೀರಾ?

ಸೂಜಿಯ ಮಾತು ಬೇರೆಯೇ ಇದೆ. ದಿನಕ್ಕೆ ಮೂವತ್ತು ನಲವತ್ತು ಸೂಜಿ ಹಾಕುವ ಕೈಗೆ ಒಂದಲ್ಲ ಒಂದು ದಿನ ಸೂಜಿ ಚುಚ್ಚದೆ ಇರುವುದಿಲ್ಲ. ಚುಚ್ಚಿದ ಸೂಜಿಯಲ್ಲಿ ಯಾರ ರಕ್ತವಿತ್ತೋ, ಅದರಲ್ಲಿ ಹಳದಿ ಕಾಮಾಲೆಯ ವಿಷವಿತ್ತೋ ಏನೋ. ಹೆಪಟೈಟಿಸ್ ಬಿ ಎಂಬ ಆ ರೋಗಕ್ಕೆ ಲಸಿಕೆ ಇದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆ ಲಸಿಕೆಯನ್ನೂ ಧನುರ್ವಾಯುವಿನ ಲಸಿಕೆಯನ್ನೂ ಕೆಲಸದವರಿಗೆ ಹಾಕಿಸಬೇಕಾದದ್ದು ದವಾಖಾನೆ ನಡೆಸುವವರ ಕರ್ತವ್ಯ. ಕೈಗವಸು ಕೊಡಬೇಕು, ಕೆಲಸಕ್ಕೆ ಸೇರುವಾಗ ಒಂದು ಸಲ, ಆಮೇಲೆ ವರ್ಷಕ್ಕೆ ಒಂದು ಸಲವಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು. ಈ ನಿಯಮ ದೊಡ್ಡ ಆಸ್ಪತ್ರೆಗೆ ಮಾತ್ರವಲ್ಲ, ಒಂದು ಕೋಣೆಯ ಕ್ಲಿನಿಕ್ಕಿಗೂ ಉಂಟು. ನಿಮ್ಮ ಮಗಳಿಗೆ ಆ ಲಸಿಕೆಯ ಮೂರು ಡೋಸು ಆಗಿದೆಯೇ? ಸಂಬಳದ ಜೊತೆಗೆ ಇದನ್ನೂ ಕೇಳಿರಿ.

ಇಷ್ಟೆಲ್ಲ ದುಡಿಮೆಗೆ ಇಷ್ಟು ಕಡಿಮೆ ಸಂಬಳ ಕೊಡುವುದು ಹೇಗೆ ಸಾಧ್ಯವಾಯಿತು? ಒಂದು ಮಾತಿನಿಂದ ಸಾಧ್ಯವಾಯಿತು. ಆ ಮಾತು ‘ಸೇವೆ’.

ಇದರಲ್ಲಿ ನಮ್ಮ ಕ್ರೈಸ್ತ ಸಭೆಗಳ ಚರಿತ್ರೆಯೂ ಸೇರಿಕೊಂಡಿದೆ, ಅದನ್ನು ಮುಚ್ಚಿಡುವುದು ಬೇಡ. ಹೆಣ್ಣುಮಗಳು ಪರಗಂಡಸರ ಗಾಯ ಮುಟ್ಟುವುದೇ ಎಂದು ಊರೆಲ್ಲ ಮೂಗು ಮುರಿದ ಕಾಲದಲ್ಲಿ, ನರ್ಸಿನ ಬಿಳಿ ಸೀರೆ ಉಟ್ಟವರು ಬಹುಪಾಲು ನಮ್ಮ ಮನೆಗಳ ಹುಡುಗಿಯರು. ವೆಲ್ಲೂರಿನಲ್ಲಿ ಐಡಾ ಸ್ಕಡರ್ ಅಮ್ಮನವರು 1909ರಲ್ಲಿ ನರ್ಸುಗಳ ಶಾಲೆ ತೆರೆದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಕೋಲಾರದ ಮಿಷನ್ ಆಸ್ಪತ್ರೆ, ಗದಗ ಬೆಟಗೇರಿಯ ಜರ್ಮನ್ ಆಸ್ಪತ್ರೆ, ಇವೆಲ್ಲ ಎಷ್ಟು ಬಡ ಮನೆಗಳ ದೀಪ ಹಚ್ಚಿದವೋ ಲೆಕ್ಕವಿಲ್ಲ. ಅಲ್ಲಿ ನರ್ಸಿನ ಕೆಲಸವನ್ನು ದೇವರ ಕರೆ ಎಂದರು. ಸಂಬಳ ಸಣ್ಣದೇ ಇತ್ತು. ಆದರೆ ಇರಲು ಹಾಸ್ಟೆಲು ಇತ್ತು, ಊಟವಿತ್ತು, ಕಾಯಿಲೆ ಬಿದ್ದರೆ ಅದೇ ಆಸ್ಪತ್ರೆಯ ಮಂಚವಿತ್ತು. ಇವತ್ತಿನ ಖಾಸಗಿ ದವಾಖಾನೆಯ ಯಜಮಾನರು ಆ ಮಿಷನ್ ಮನೆಯಿಂದ ‘ಕರೆ’ಯನ್ನೂ ‘ಸೇವೆ’ಯನ್ನೂ ಸಣ್ಣ ಸಂಬಳವನ್ನೂ ಎತ್ತಿಕೊಂಡು ಬಂದರು, ಹಾಸ್ಟೆಲು, ಊಟ, ಮಂಚಗಳನ್ನು ಅಲ್ಲೇ ಬಿಟ್ಟು ಬಂದರು. ಅವರು ತಮ್ಮ ಕೆಲಸವನ್ನು ಸೇವೆ ಎಂದು ಫೀಸು ಬಿಟ್ಟುಕೊಟ್ಟದ್ದನ್ನು ನಾನಂತೂ ಹೆಚ್ಚು ಕಂಡಿಲ್ಲ.

ಒಳ್ಳೆಯ ಸಮಾರ್ಯದವನ ಕಥೆ ಯಾರಿಗೆ ಗೊತ್ತಿಲ್ಲ? ಲೂಕನು 10ನೆಯ ಅಧ್ಯಾಯದಲ್ಲಿ ಬರೆದದ್ದು. ಭಾನುವಾರದ ಶಾಲೆಯ ಗೋಡೆಯ ಮೇಲೆಲ್ಲ ಅದರ ಚಿತ್ರವಿದೆ. ಎಣ್ಣೆ, ದ್ರಾಕ್ಷಾರಸ, ಗಾಯಕ್ಕೆ ಬಟ್ಟೆ, ಕತ್ತೆಯ ಮೇಲೆ ಕೂಡಿಸಿದ್ದು, ಇಷ್ಟನ್ನೇ ಬೋಧಿಸುತ್ತೇವೆ. ಮಾರನೆಯ ದಿನ ಅವನು ಏನು ಮಾಡಿದ? ಚೀಲ ಬಿಚ್ಚಿ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಇಟ್ಟ. ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷಿತೋಟದಲ್ಲಿ ಒಬ್ಬ ಆಳಿನ ಒಂದು ದಿನದ ಕೂಲಿ ಅಂಥ ಒಂದು ನಾಣ್ಯ. ತೋಟದವರಾದ ನಿಮಗೆ ಈ ಲೆಕ್ಕ ಬೇಗ ಹತ್ತುತ್ತದೆ. ಎಂದರೆ ಅವನು ಎರಡು ದಿನದ ಕೂಲಿಯನ್ನು ಮುಂಗಡವಾಗಿ ಕೊಟ್ಟ, ಹೆಚ್ಚಿಗೆ ಖರ್ಚಾದರೆ ತಿರುಗಿ ಬರುವಾಗ ಕೊಡುವೆನೆಂದು ಮಾತೂ ಕೊಟ್ಟ. ನೀನು ಸೇವೆ ಮಾಡು, ದೇವರು ನೋಡಿಕೊಳ್ಳುತ್ತಾನೆ ಎಂದು ಛತ್ರದವನಿಗೆ ಉಪದೇಶ ಮಾಡಿ ಹೋಗಲಿಲ್ಲ. ರೋಗಿಯನ್ನು ಆರೈಕೆ ಮಾಡುವವನಿಗೆ ದುಡ್ಡು ಕೊಡಬೇಕೆಂಬುದು ಆ ಕಥೆಯ ಒಳಗೇ ಇದೆ. ನಮ್ಮ ಬೋಧಕರು ಆ ವಾಕ್ಯಕ್ಕೆ ಬರುವ ಹೊತ್ತಿಗೆ ಕಾಣಿಕೆ ತಟ್ಟೆ ಹೊರಟಿರುತ್ತದೆ.

ವಿಮೋಚನಕಾಂಡದ ಮೊದಲನೆಯ ಅಧ್ಯಾಯವನ್ನೂ ತೆಗೆದು ನೋಡಿರಿ. ಐಗುಪ್ತದ ಆ ದೊಡ್ಡ ಅರಸನ ಹೆಸರು ಅಲ್ಲಿ ಇಲ್ಲ. ಇಬ್ಬರು ಸೂಲಗಿತ್ತಿಯರ ಹೆಸರು ಇದೆ: ಶಿಫ್ರಾ, ಪೂಗಾ. ದೇವರು ಆ ಇಬ್ಬರ ಮನೆತನವನ್ನು ಕಟ್ಟಿದನೆಂದೂ ಇದೆ. ನಮ್ಮ ದವಾಖಾನೆಯ ಬೋರ್ಡಿನಲ್ಲಿ ಡಾಕ್ಟರ ಹೆಸರು, ಅವರ ಪದವಿಗಳು ಮೂರು ಸಾಲು; ಒಳಗೆ ಇರುವವಳಿಗೆ ಹೆಸರೇ ಇಲ್ಲ, ಎಲ್ಲರಿಗೂ ಅವಳು ‘ಸಿಸ್ಟರ್’.

ಸಿಸ್ಟರ್ ಎನ್ನುವುದು ರೋಗಿಗಳ ಬಾಯಲ್ಲಿ. ಯಜಮಾನರ ಬಾಯಲ್ಲಿ ಇನ್ನೊಂದು ಮಾತಿದೆ. ತಾಯಿ ಹೋಗಿ, “ಸಾರ್, ಹುಡುಗಿಗೆ ಸಂಬಳ ಸ್ವಲ್ಪ ನೋಡ್ರಿ” ಎಂದು ಕೈಮುಗಿದರೆ, “ಏನಮ್ಮಾ, ನಿನ್ನ ಮಗಳನ್ನ ನಮ್ಮ ಮಗಳ ಹಂಗ ನೋಡಿಕೊಂಡೀವಿ, ಸಂಬಳ ಅಂತ ಯಾಕ ಅಂತಿ?” ಎನ್ನುತ್ತಾರೆ. ತಾಯಿ ಕಣ್ಣೊರೆಸಿಕೊಂಡು ಹಿಂದಕ್ಕೆ ಬರುತ್ತಾಳೆ. ಬಂಧುಗಳೇ, ಮಗಳ ಹಾಗೆ ಎಂದರೆ ಏನು ಅರ್ಥ? ಅವರ ಮಗಳು ಡಾಕ್ಟರಿ ಓದಲು ಹೊರ ಊರಿಗೆ ಹೋಗಿದ್ದಾಳೆ. ಅವಳು ರಾತ್ರಿ ಹತ್ತಕ್ಕೆ ಒಬ್ಬಳೇ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವುದಿಲ್ಲ. ಅವಳ ಸರ್ಟಿಫಿಕೇಟುಗಳನ್ನು ಯಾರೂ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿಲ್ಲ. ಹಬ್ಬಕ್ಕೆ ಒಂದು ಸೀರೆ, ಕಾಯಿಲೆ ಬಿದ್ದಾಗ ಬಿಟ್ಟಿ ಮಾತ್ರೆ, ಇವು ಒಳ್ಳೆಯವೇ. ಕೊಟ್ಟವರಿಗೆ ವಂದನೆ. ಆದರೆ ಸೀರೆಯಿಂದ ಸಾಲದ ಕಂತು ತೀರುವುದಿಲ್ಲ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಹಿಡಿದಿಟ್ಟುಕೊಳ್ಳಬಾರದೆಂದು ಯಾಜಕಕಾಂಡದಲ್ಲಿ ಅಪ್ಪಣೆಯಾದಾಗ, ಮಗಳ ಹಾಗೆ ಕಂಡರೆ ಇಟ್ಟುಕೊಳ್ಳಬಹುದೆಂದು ವಿನಾಯಿತಿ ಬರೆದಿಲ್ಲ.

ಡಾಕ್ಟರುಗಳ ಕಡೆಯ ಮಾತನ್ನೂ ಕೇಳೋಣ, ನ್ಯಾಯ ಒಂದು ಕಡೆಯದಾಗಬಾರದು. ಹಳ್ಳಿಯ ಕಡೆ ಫೀಸು ಕಡಿಮೆ, ಅದರಲ್ಲೂ ಅರ್ಧ ಜನ ಉದ್ದರಿ ಹೇಳುತ್ತಾರೆ, ಬಾಡಿಗೆ ಇದೆ, ಕರೆಂಟು ಇದೆ, ನಾನು ಎಲ್ಲಿಂದ ತರಲಿ ಎನ್ನುತ್ತಾರೆ. ಇದರಲ್ಲಿ ಸತ್ಯ ಇಲ್ಲದೆ ಇಲ್ಲ. ರಾತ್ರಿ ಎಬ್ಬಿಸಿದರೂ ಬೇಸರಿಸದೆ ಬರುವ, ಬಡವರ ಹತ್ತಿರ ಕೈಚಾಚದ ಡಾಕ್ಟರುಗಳನ್ನು ನಾನು ಬಲ್ಲೆ. ಹಾಗಾದರೆ ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ ನಲವತ್ತು ರೋಗಿಗಳು, ತಿಂಗಳಿಗೆ ಇಪ್ಪತ್ತೈದು ದಿನ ಎಂದುಕೊಳ್ಳಿರಿ. ಒಟ್ಟು ಸಾವಿರ ಚೀಟಿ. ನರ್ಸಿನ ಸಂಬಳ ಹತ್ತು ಸಾವಿರ ಏರಬೇಕಾದರೆ ಒಂದು ಚೀಟಿಗೆ ಬೀಳುವುದು ಹತ್ತು ರೂಪಾಯಿ. ಒಂದು ಲೋಟ ಚಹಾದ ದುಡ್ಡು! ಅದು ಡಾಕ್ಟರ ಪಾಲಿನಿಂದ ಬರಲಿ ಎನ್ನುತ್ತೇನೆ ನಾನು. ಎರಡು ಕಾರು ನಿಂತಿರುವ ಮನೆಯಲ್ಲಿ ಬರಲೇಬೇಕು. ನಿಜವಾಗಿ ಬಡ ದವಾಖಾನೆಯಾದರೆ, ಆ ಹತ್ತು ರೂಪಾಯಿಯನ್ನು ರೋಗಿಗಳಾದ ನಾವೇ ಕೊಡೋಣ. ಈ ಮಾತು ನಿಮಗೆ ಕಹಿಯಾಗಬಹುದು. ಆದರೆ ಕಡಿಮೆ ಫೀಸಿನ ಪುಣ್ಯ ಡಾಕ್ಟರಿಗೆ, ಕಡಿಮೆ ಫೀಸಿನ ಲಾಭ ನಮಗೆ, ಅದರ ಭಾರವೆಲ್ಲ ಆ ಕೋಣೆಯಲ್ಲಿ ಎಲ್ಲರಿಗಿಂತ ಬಡವಳಾದ ಹುಡುಗಿಯ ಹೆಗಲಿಗೆ ಎಂಬ ಏರ್ಪಾಡು ಯಾವ ಧರ್ಮ?

ಇನ್ನೊಂದು ಕುತ್ತು ಇದೆ. ಓದಿದ ನರ್ಸು ಹೆಚ್ಚು ಕೇಳುತ್ತಾಳೆಂದು ಎಷ್ಟೋ ದವಾಖಾನೆಯವರು ಹತ್ತನೆಯ ತರಗತಿ ಮುಗಿಸಿದ ಹುಡುಗಿಯನ್ನು ತಂದು, ಬಿಳಿ ಕೋಟು ತೊಡಿಸಿ, ಒಂದು ವಾರ ಕೈಹಿಡಿದು ತೋರಿಸಿ ಸೂಜಿ ಕೊಟ್ಟುಬಿಡುತ್ತಾರೆ. ‘ಟ್ರೈನಿಂಗ್’ ಎಂದು ಹೇಳಿ ಮೊದಲ ತಿಂಗಳುಗಳಲ್ಲಿ ಸಂಬಳವನ್ನೂ ಕೊಡುವುದಿಲ್ಲ. ಆ ಟ್ರೈನಿಂಗಿಗೆ ಯಾವ ಕೌನ್ಸಿಲಿನಲ್ಲೂ ಬೆಲೆ ಇಲ್ಲ. ಇವಳಿಂದ ಓದಿದವಳ ಸಂಬಳವೂ ಇಳಿಯುತ್ತದೆ. ರೋಗಿಗೆ ಏನಾದರೂ ಆದರೆ, ಹುಡುಗಿ ತಪ್ಪು ಮಾಡಿದಳೆಂದು ಬೆರಳು ಅವಳ ಕಡೆಗೆ ತಿರುಗುತ್ತದೆ. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಖಾಸಗಿ ದವಾಖಾನೆಗಳಲ್ಲಿ ಒಂದೇ ಸೂಜಿ ಮತ್ತೆ ಮತ್ತೆ ಬಳಸಿ ಹೆಪಟೈಟಿಸ್ ಬಿ ಹಬ್ಬಿ ಎಷ್ಟೋ ಜನ ಸತ್ತರು. ಇದು ಬೇಡ, ಹೊಸ ಸೂಜಿ ತೆಗೆಯಿರಿ ಎಂದು ಡಾಕ್ಟರ ಮುಂದೆ ಹೇಳುವ ಧೈರ್ಯ ಯಾರಿಗೆ ಬರುತ್ತದೆ? ಓದಿದವಳಿಗೆ, ನಾಳೆ ಕೆಲಸ ಹೋದರೂ ಇನ್ನೊಂದು ಸಿಕ್ಕೀತೆಂಬ ನೆಚ್ಚಿಕೆ ಇರುವವಳಿಗೆ. ಅವಳ ಸಂಬಳದಲ್ಲಿ ನಿಮ್ಮ ಮಗುವಿನ ತೋಳಿನ ಸುರಕ್ಷಿತವೂ ಇದೆ.

ಸರ್ಕಾರ ಏನು ಮಾಡುತ್ತಿದೆ ಎಂದು ಕೇಳುವಿರಿ. ಸರ್ಕಾರ ತಲೆ ಎಣಿಸುತ್ತಿದೆ. ಇ.ಎಸ್.ಐ. ಬೇಕಾದರೆ ಒಂದು ಕಡೆ ಹತ್ತು ಜನ ನೌಕರರಿರಬೇಕು. ಪ್ರಾವಿಡೆಂಟ್ ಫಂಡಿಗೆ ಇಪ್ಪತ್ತು. ಗ್ರಾಚ್ಯುಟಿಗೆ ಹತ್ತು. ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆ 2017ರಿಂದ ಬಂದಿತು, ಅದಕ್ಕೂ ಹತ್ತು. ಇಬ್ಬರು ನರ್ಸುಗಳ ದವಾಖಾನೆ ಈ ಎಲ್ಲ ಜರಡಿಗಳಲ್ಲೂ ಕೆಳಗೆ ಜಾರಿ ಬೀಳುತ್ತದೆ. ಊರಿನ ಬಸುರಿಯರಿಗೆಲ್ಲ ಕಬ್ಬಿಣದ ಮಾತ್ರೆ ಕೊಟ್ಟವಳು ತಾನು ಬಸುರಾದರೆ, ಏಳನೆಯ ತಿಂಗಳಿಗೆ ಮನೆಗೆ ಹೋಗು ಎನ್ನುತ್ತಾರೆ. ಬಾಣಂತನ ಮುಗಿಸಿ ಬರುವಷ್ಟರಲ್ಲಿ ಆ ಸ್ಟೂಲಿನ ಮೇಲೆ ಇನ್ನೊಬ್ಬಳು ಕೂತಿರುತ್ತಾಳೆ. ನಿಮ್ಮ ತೋಟಕ್ಕೆ 1951ರಲ್ಲೇ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಬಂತು. ಈಗ ಅದು ಹೊಸ ಸಂಹಿತೆಯೊಳಗೆ ಸೇರಿದೆ. ಅದು ಎಷ್ಟರ ಮಟ್ಟಿಗೆ ನಡೆಯಿತೆಂಬುದು ಬೇರೆ ಮಾತು. ಆದರೂ ಮನೆ, ಕುಡಿಯುವ ನೀರು, ಶಿಶುವಿಹಾರ, ಆಸ್ಪತ್ರೆ ಎಂದು ಕೇಳಲು ಒಂದು ಹೆಸರಾದರೂ ಇತ್ತು. ಕ್ಲಿನಿಕ್ಕಿನ ನರ್ಸಿಗೆ ಅಂಥದ್ದೊಂದು ಹೆಸರು ಎಂದೂ ಇರಲಿಲ್ಲ.

2016ರ ಜನವರಿ 29ರಂದು ಸುಪ್ರೀಂ ಕೋರ್ಟು ಖಾಸಗಿ ನರ್ಸುಗಳ ಸಂಬಳ ನೋಡಲು ಒಂದು ಸಮಿತಿ ಮಾಡಿರೆಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಆ ಸಮಿತಿ 200 ಹಾಸಿಗೆಗಿಂತ ಹೆಚ್ಚಿನ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನ ಸಮನಾದ ಸಂಬಳವನ್ನು, 50 ಹಾಸಿಗೆಗಿಂತ ಕಡಿಮೆ ಇರುವ ಕಡೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇಲ್ಲದ ಸಂಬಳವನ್ನು ಶಿಫಾರಸು ಮಾಡಿತು. ಅಲ್ಲಿಯೂ ಎಣಿಸಿದ್ದು ಹಾಸಿಗೆಗಳನ್ನು! ನಮ್ಮಲ್ಲಿ ಹಾಸಿಗೆಯೇ ಇಲ್ಲವಲ್ಲ ಎಂದು ಒಬ್ಬ ಯಜಮಾನರು ನಕ್ಕರಂತೆ. ಗ್ಲೂಕೋಸ್ ಹಾಕಲು ಪರದೆಯ ಹಿಂದೆ ಇರುವ ಮೂರು ಬೆಂಚುಗಳನ್ನು ಅವರು ಏನೆಂದು ಕರೆಯುತ್ತಾರೋ!

2020ರ ಮಾರ್ಚ್ 22ರಂದು ದೇಶವೆಲ್ಲ ಬಾಗಿಲಲ್ಲಿ ನಿಂತು ತಟ್ಟೆ ಬಡಿಯಿತು, ನರ್ಸುಗಳಿಗೆ ಗೌರವವೆಂದು. ಆಮೇಲೆ ಅನೇಕ ಚಿಕ್ಕ ದವಾಖಾನೆಗಳು ಬಾಗಿಲು ಹಾಕಿದವು, ಅಲ್ಲಿಯ ಹುಡುಗಿಯರ ಸಂಬಳವೂ ನಿಂತಿತು. ಸರ್ಕಾರ ಘೋಷಿಸಿದ 50 ಲಕ್ಷದ ವಿಮೆ ಕೋವಿಡ್ ಕೆಲಸಕ್ಕೆ ನೇಮಿಸಿದವರಿಗೆ. ಬೀದಿಯ ದವಾಖಾನೆಯಲ್ಲಿ ಅದೇ ಕೆಮ್ಮಿನ ಎದುರು ನಿಂತವಳಿಗೆ ತಟ್ಟೆಯ ಸದ್ದು ಮಾತ್ರ.

ಆದರೆ ಒಂದು ಕಾನೂನು ತಲೆ ಎಣಿಸುವುದಿಲ್ಲ. ಇದನ್ನು ಚೆನ್ನಾಗಿ ನೆನಪಿಡಿರಿ. ಅದು ಕನಿಷ್ಠ ವೇತನ. 1948ರಿಂದ ಅದಕ್ಕೆಂದೇ ಬೇರೆ ಕಾಯ್ದೆಯಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯೊಳಗೆ ಈಗ ಅದು ಸೇರಿದೆ. ಒಬ್ಬಳೇ ನೌಕರಳಿದ್ದರೂ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಅವಳು ಒಪ್ಪಿ ಬಂದಿದ್ದಾಳೆ ಎಂಬ ಮಾತು ನಡೆಯುವುದಿಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೈಗೆ ಬರಬೇಕು. ಹೆಚ್ಚು ಹೊತ್ತು ದುಡಿಸಿದರೆ ಅದಕ್ಕೆ ಎರಡರಷ್ಟು. ಸಂಬಳದ ಚೀಟಿ ಕೊಡಬೇಕು. ಕೆಲಸ ಬಿಟ್ಟರೆ, ಬಿಡಿಸಿದರೆ, ಎರಡು ಕೆಲಸದ ದಿನಗಳಲ್ಲಿ ಬಾಕಿ ತೀರಿಸಬೇಕು. ಮೂರು ವರ್ಷದ ಒಳಗಿನ ಬಾಕಿಗೆ ಅರ್ಜಿ ಹಾಕಬಹುದು. ಹಾಕಿದಾಗ, ದುಡ್ಡು ಕೊಟ್ಟಿದ್ದೇನೆಂದು ತೋರಿಸುವ ಭಾರ ಮಾಲೀಕರದ್ದು, ಕೊಟ್ಟಿಲ್ಲವೆಂದು ತೋರಿಸುವ ಭಾರ ನಿಮ್ಮ ಮಗಳದ್ದಲ್ಲ.

ಗಡಿಯವರಾದ ನಮಗೆ ಇಲ್ಲಿ ಒಂದು ತೊಡಕು ಇದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ತಾಲೂಕು ಆಂಧ್ರದಲ್ಲಿ ಉಳಿಯಿತು. ನಮ್ಮ ಮಾತು ಕನ್ನಡ, ಕಚೇರಿ ತೆಲುಗು, ಸಂತೆ ಬಳ್ಳಾರಿ. ಹಾಗಾಗಿ ಹಿರೇಹಾಳಿನ ಹುಡುಗಿಗೆ, ನೀನು ಆಂಧ್ರದವಳು, ಇಲ್ಲಿಯ ದರ ನಿನಗಿಲ್ಲ ಎಂದು ಬಳ್ಳಾರಿಯಲ್ಲಿ ಹೇಳುವವರಿದ್ದಾರೆ. ಇದು ಶುದ್ಧ ಸುಳ್ಳು. ಮನೆ ಎಲ್ಲಿದ್ದರೇನು, ಕೆಲಸ ಮಾಡುವ ಜಾಗದ ದರವೇ ದರ. ಬಳ್ಳಾರಿಯ ದವಾಖಾನೆಯಲ್ಲಿ ದುಡಿದರೆ ಕರ್ನಾಟಕದ ದರ, ರಾಯದುರ್ಗದಲ್ಲಿ ದುಡಿದರೆ ಆಂಧ್ರಪ್ರದೇಶದ ದರ. ನರ್ಸಿಂಗ್ ಕೌನ್ಸಿಲಿನ ನೋಂದಣಿ ಮಾತ್ರ ರಾಜ್ಯರಾಜ್ಯಕ್ಕೆ ಬೇರೆ. ಅದನ್ನು ವರ್ಗಾಯಿಸಿಕೊಳ್ಳಲು ತಡಮಾಡಬೇಡಿರಿ. ನೋಂದಣಿ ಇಲ್ಲವೆಂಬ ಹೆದರಿಕೆಯನ್ನೇ ಹಗ್ಗ ಮಾಡಿ ಕಟ್ಟಿಹಾಕುತ್ತಾರೆ.

ಇಲ್ಲಿ ಸಾಕಾಗಿ, ವಿದೇಶಕ್ಕೆ ಹೋದರೆ ಎಲ್ಲ ಸರಿಹೋಗುತ್ತದೆ ಎನ್ನುವ ಹುಡುಗಿಯರಿದ್ದಾರೆ. ಹೋಗಲಿ, ಹೋದವರ ಮನೆ ಎದ್ದಿದೆ. ಆದರೆ ಈ ರೋಗ ಅಲ್ಲಿಯೂ ಉಂಟು. ಇಂಗ್ಲೆಂಡಿನಲ್ಲಿ 1948ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಬಂದಾಗ ಮನೆವೈದ್ಯರು ಸರ್ಕಾರದ ನೌಕರರಾಗದೆ ಗುತ್ತಿಗೆಯವರಾಗಿ ಉಳಿದರು. ಆಸ್ಪತ್ರೆಯ ನರ್ಸುಗಳಿಗೆ 2004ರಿಂದ ಒಂದೇ ವೇತನ ಶ್ರೇಣಿ ಇದೆ. ಮನೆವೈದ್ಯರ ದವಾಖಾನೆಯ ನರ್ಸಿನ ಸಂಬಳ ಮಾತ್ರ ಆಯಾ ಡಾಕ್ಟರ ಜೊತೆಗಿನ ಒಪ್ಪಂದ. 2022ರ ಡಿಸೆಂಬರಿನಲ್ಲಿ ಅಲ್ಲಿಯ ಆಸ್ಪತ್ರೆ ನರ್ಸುಗಳು ಮುಷ್ಕರ ಹೂಡಿದರು, 2023ರಲ್ಲಿ ಸರ್ಕಾರ ಅವರಿಗೆ ಏರಿಕೆಯನ್ನೂ ಒಂದು ಇಡುಗಂಟನ್ನೂ ಒಪ್ಪಿತು. ಆ ಇಡುಗಂಟಿನಿಂದ ದವಾಖಾನೆಯ ನರ್ಸುಗಳು ಹೊರಗುಳಿದರು. ಅಷ್ಟು ಶ್ರೀಮಂತ ದೇಶದಲ್ಲೂ ಒಬ್ಬೊಬ್ಬಳೇ ಚದರಿ ಹೋದವಳಿಗೆ ಸಿಗುವುದು ಕಡೆಯ ಪಂಕ್ತಿಯೇ.

ಹಾಗಾದರೆ ಚದರಿದವರು ಕೂಡುವುದು ಹೇಗೆ? ತೋಟದವರಾದ ನಿಮಗೆ ನಾನು ಹೇಳಿಕೊಡಬೇಕೇ? 2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನ ಚಹಾ ತೋಟದ ಹೆಂಗಸರು ಗಂಡಸರ ಯೂನಿಯನ್ನುಗಳನ್ನೂ ಪಕ್ಕಕ್ಕೆ ಸರಿಸಿ ರಸ್ತೆಗೆ ಕೂತರು, ಇಳಿಸಿದ ಬೋನಸ್ಸಿನ ಜಾಗದಲ್ಲಿ ಒಟ್ಟು ಶೇಕಡಾ 20 ಪಡೆದರು. ಮುಂದೆ ದಿನಗೂಲಿ 232ರಿಂದ 301 ರೂಪಾಯಿಗೆ ಏರಿತು. ಕೇರಳದ ನರ್ಸುಗಳು 2011ರಲ್ಲಿ ಸಂಘ ಕಟ್ಟಿದರು. 2012ರಲ್ಲಿ ಕೊತ್ತಮಂಗಲದ ಒಂದು ಆಸ್ಪತ್ರೆಯಲ್ಲಿ ನೂರು ದಿನ ದಾಟಿದ ಮುಷ್ಕರ ನಡೆಯಿತು. ಅದು ಕ್ರೈಸ್ತ ಹೆಸರಿನ ಆಸ್ಪತ್ರೆಯೇ ಆಗಿತ್ತು, ನಾಚಿಕೆಯಿಂದ ಬರೆಯುತ್ತೇನೆ. 2018ರ ಏಪ್ರಿಲ್ 24ರಂದು ಅವರು ಚೇರ್ತಲದಿಂದ ತಿರುವನಂತಪುರಕ್ಕೆ ಕಾಲ್ನಡಿಗೆ ಹೊರಡುವವರಿದ್ದರು. ಹಿಂದಿನ ದಿನವೇ ಸರ್ಕಾರ 20,000 ರೂಪಾಯಿ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು. ಸಮಿತಿ ಹೇಳಿದ ಅಂಕಿ ಕಾಗದದಿಂದ ಇಳಿದು ಕೈಗೆ ಬರಲು ಅಷ್ಟು ಬೇಕಾಯಿತು.

ನಮ್ಮ ಸಭೆಯ ಹಿರಿಯರಿಗೂ ಒಂದು ಮಾತು. ಮುಂದಿನ ಬೆಂಚಿನಲ್ಲಿ ಕೂಡುವ ನಮ್ಮ ಡಾಕ್ಟರುಗಳು ಹೊಸ ಗುಡಿಗೆ ಫ್ಯಾನು ಕೊಟ್ಟಿದ್ದಾರೆ, ಗಂಟೆ ಕೊಟ್ಟಿದ್ದಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಿದ್ದೇವೆ. ಕೆಲಸ ಮಾಡಿಸಿಕೊಂಡು ಕೂಲಿ ಕೊಡದೆ ಮಹಡಿ ಕಟ್ಟುವವನ ವಿಷಯ ಯೆರೆಮೀಯನು 22ನೆಯ ಅಧ್ಯಾಯದಲ್ಲಿ ಏನು ಹೇಳಿದನೆಂದು ಅವರಿಗೆ ಓದಿ ಹೇಳುವ ಅಯ್ಯನವರು ನಮ್ಮಲ್ಲಿ ಬೇಕು. ಮೊದಲು ಸಭೆಯ ದವಾಖಾನೆಗಳೇ ತಮ್ಮ ಸಂಬಳದ ಪಟ್ಟಿಯನ್ನು ಬಾಗಿಲಿಗೆ ಅಂಟಿಸಲಿ.

ಈಗ ಮಾಡಬೇಕಾದ ಕೆಲಸ. ಮುಂದಿನ ಸಲ ಮಗಳು ಫೋನು ಮಾಡಿದಾಗ ಒಂದು ನೋಟ್‌ಬುಕ್ಕು ಇಡಲು ಹೇಳಿರಿ. ದವಾಖಾನೆಗೆ ಹೋದ ಹೊತ್ತು, ಬಿಟ್ಟ ಹೊತ್ತು, ಮಧ್ಯಾಹ್ನ ಅಲ್ಲೇ ಕೂತ ಹೊತ್ತು, ಸಂಬಳ ಬಂದ ತಾರೀಖು, ಬಂದ ಮೊತ್ತ, ಸೂಜಿ ಚುಚ್ಚಿಕೊಂಡ ದಿನ, ಇಷ್ಟನ್ನು ಬರೆದಿಡಲಿ. ಸಂಬಳವನ್ನು ಆದಷ್ಟು ಬ್ಯಾಂಕಿನ ಖಾತೆಗೇ ಹಾಕಿಸಿಕೊಳ್ಳಲಿ. ಸರ್ಟಿಫಿಕೇಟಿನ ಮೂಲಪ್ರತಿ ಯಾರಿಗೂ ಕೊಡದಿರಲಿ, ಕೊಟ್ಟಿದ್ದರೆ ತಿರುಗಿ ಕೇಳಲಿ. ಒಂದು ಬೀದಿಯಲ್ಲಿ ಐದು ದವಾಖಾನೆ ಇದ್ದರೆ ಐವರು ಹುಡುಗಿಯರು ಬಸ್ ಸ್ಟ್ಯಾಂಡಿನಲ್ಲಿ ದಿನಾ ಒಬ್ಬರನ್ನೊಬ್ಬರು ನೋಡುತ್ತಾರೆ. ಸಂಬಳ ಎಷ್ಟೆಂದು ಒಬ್ಬಳು ಇನ್ನೊಬ್ಬಳಿಗೆ ಹೇಳಲಿ, ಅದರಲ್ಲಿ ಗುಟ್ಟೇನೂ ಇಲ್ಲ. ಡಾಕ್ಟರೂ ಹುಡುಗಿಯರೂ ಒಪ್ಪಿದರೆ ತಲೆ ಕಡಿಮೆಯಿದ್ದರೂ ಇ.ಎಸ್.ಐ.ಗೂ ಪ್ರಾವಿಡೆಂಟ್ ಫಂಡಿಗೂ ಸೇರಲು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ದಾರಿಯಿದೆ. ಒಳ್ಳೆಯ ಡಾಕ್ಟರುಗಳ ಮುಂದೆ ಇದನ್ನು ಮೊದಲು ಇಡಿರಿ. ಕೈಮಾಡುವ, ಕೆಟ್ಟ ಮಾತಾಡುವ ಯಜಮಾನರಿದ್ದರೆ, ಹತ್ತು ಜನರಿಲ್ಲದ ಕಡೆಗಳ ದೂರು ಕೇಳಲೆಂದೇ 2013ರ ಕಾಯ್ದೆಯ ಪ್ರಕಾರ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು, ಅಲ್ಲಿಗೆ ಹೋಗಬಹುದು. ಸಂಬಳದ ಅರ್ಜಿ ಬಳ್ಳಾರಿಯ ದವಾಖಾನೆಯದಾದರೆ ಬಳ್ಳಾರಿಯ ಕಾರ್ಮಿಕ ಇಲಾಖೆಗೆ, ರಾಯದುರ್ಗದ್ದಾದರೆ ಅನಂತಪುರ ಜಿಲ್ಲೆಯ ಕಾರ್ಮಿಕ ಇಲಾಖೆಗೆ. ಬರೆಯಲು ಬಾರದವರು ನೋಟ್‌ಬುಕ್ಕು ಹಿಡಿದುಕೊಂಡು ಕೂಟಕ್ಕೆ ಬರಲಿ, ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಬರೆದುಕೊಡುತ್ತೇವೆ.